ಸೀಲಣ್ಣನ ಫಾರಿನ್ ಶಾಲು

ನಮ್ಮ ಸೀಲಣ್ಣ ಸಮುದ್ರದಾಚೆಯ ಹೆಂಗಸೊಬ್ಬಳಿಗೆ ನೇಯ್ಗೆ ಕಲಿಸಲು ಹೊರಟಿದ್ದಕ್ಕೆ ಮೂಲ ಕಾರಣ ಒಂದು ಹೆಬ್ಬಾವು. ಹೀಗೆಂದರೆ ನೀವು ನಗಬಹುದು. ಆದರೆ ಲೋಕದ ದಾನಧರ್ಮಗಳ ಬುಡ ಅಗೆಯುತ್ತ ಹೋದರೆ ಬಹಳ ಕಡೆ ಇಂಥದೇ ಏನಾದರೊಂದು ಸುರುಳಿ ಸುತ್ತಿಕೊಂಡು ಮಲಗಿರುತ್ತದೆ.

ಸೀಲಣ್ಣ ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಕಚೇರಿಗೆ ಬಂದ ಒಂದೊಂದು ಕಾಗದಕ್ಕೂ ‘ಸ್ವೀಕರಿಸಲಾಗಿದೆ’ ಎಂದು ಸೀಲು ಹೊಡೆಯುತ್ತ ಬಂದವನಿಗೆ ಸೀಲಣ್ಣ ಎನ್ನದೆ ಇನ್ನೇನೆನ್ನುತ್ತಾರೆ? ಈ ಕೆಲಸಕ್ಕೆ ಅವನದೇ ಒಂದು ಪದ್ಧತಿ ಇತ್ತು. ಪತ್ರದ ಮೊದಲ ಸಾಲು ಓದುವುದು, ಕೊನೆಯ ಸಾಲು ಓದುವುದು, ಸೀಲು ಹೊಡೆಯುವುದು, ಸಂಬಂಧಪಟ್ಟ ಮೇಜಿಗೆ ಕಳಿಸುವುದು. ನಡುವೆ ಏನಿದೆಯೋ ಅದು ಸಂಬಂಧಪಟ್ಟವರ ಹಣೆಬರಹ. ನಲ್ಲಿಯಲ್ಲಿ ನೀರು ಬಾರದವರು ಮೊದಲ ಸಾಲಿನಲ್ಲಿ ‘ಮಾನ್ಯರೇ’ ಎನ್ನುತ್ತಾರೆ, ಕೊನೆಯ ಸಾಲಿನಲ್ಲಿ ‘ತಮ್ಮ ವಿಶ್ವಾಸಿ’ ಎನ್ನುತ್ತಾರೆ; ಬೈಗುಳವೆಲ್ಲ ನಡುವೆ ಇರುತ್ತದೆ. ಅದನ್ನು ಓದಿ ಆರೋಗ್ಯ ಕೆಡಿಸಿಕೊಳ್ಳುವುದು ಟಪಾಲು ವಿಭಾಗದ ಕೆಲಸವಲ್ಲ ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯದಿಂದ ಅವನಿಗೆ ಇಪ್ಪತ್ತಾರು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ.

ಹೀಗಿರುವಾಗ ಕಚೇರಿಯ ಮ್ಯಾನೇಜರು ಮೃಗಾಲಯದ ಹೆಬ್ಬಾವೊಂದನ್ನು ದತ್ತು ತೆಗೆದುಕೊಂಡರು. ವರ್ಷವಿಡೀ ಅದರ ಊಟದ ಖರ್ಚು ಅವರದು. ಬದಲಿಗೆ ಪಂಜರದ ಮುಂದೆ ಅವರ ಹೆಸರಿನ ಫಲಕ. ಒಂದು ಭಾನುವಾರ ಕಚೇರಿಗೆ ಕಚೇರಿಯೇ ಅದನ್ನು ನೋಡಲು ಹೋಯಿತು.

“ಏನು ಗಾಂಭೀರ್ಯ ಸಾರ್! ಅಲ್ಲಾಡೋದೇ ಇಲ್ಲ” ಎಂದ ಕ್ಯಾಷಿಯರ್. “ಥೇಟ್ ತಮ್ಮ ಹಾಗೇ.”

ಮ್ಯಾನೇಜರು ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ಅಂದಿನಿಂದ ಕಚೇರಿಯಲ್ಲಿ ಮಾತೆಲ್ಲ ಹೆಬ್ಬಾವಿನದೇ ಆಯಿತು. ಸೀಲಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. ತಾನೂ ಯಾರನ್ನಾದರೂ ಉದ್ಧಾರ ಮಾಡಬೇಕು, ಅದೂ ಹೆಬ್ಬಾವಿಗಿಂತ ಒಂದು ಕೈ ಮೇಲಿರಬೇಕು ಎಂದು ಅವನು ಹಗಲೂ ರಾತ್ರಿ ಯೋಚಿಸಿದ.

ಕೇಳಿದ್ದು ಕೈಗೆ ಬಂದು ಬೀಳುವ ಹಾಗೆ ಅದೇ ವಾರ ಟಪಾಲಿನಲ್ಲಿ ದಾನಸಂಸ್ಥೆಯೊಂದರ ಕರಪತ್ರ ಬಂತು. ಮೊದಲ ಸಾಲು: ‘ದೂರದೇಶದ ಒಬ್ಬ ನಿರ್ಗತಿಕ ಹೆಣ್ಣುಮಗಳಿಗೆ ಮಗ್ಗದ ಕೆಲಸ ಕಲಿಸಿ.’ ಕೊನೆಯ ಸಾಲು: ‘ಇಲ್ಲಿ ಸಹಿ ಮಾಡಿ.’ ಸೀಲಣ್ಣ ಸಹಿ ಮಾಡಿ, ವರ್ಷದ ಖರ್ಚಿನ ಹಣವನ್ನೂ ಕಳಿಸಿದ. ಮ್ಯಾನೇಜರ ಹೆಬ್ಬಾವು ಇದೇ ಊರಿನದು. ತನ್ನ ಹೆಂಗಸು ಸಮುದ್ರದಾಚೆಯವಳು. ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ತಿಂಗಳೊಳಗೆ ಅವಳ ಫೋಟೋ ಬಂತು. ಒರಟು ಮಗ್ಗವೊಂದರ ಪಕ್ಕದಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ನಿಂತ ಬಡಕಲು ಹೆಂಗಸು. ಸೀಲಣ್ಣ ಅದಕ್ಕೆ ಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಬಾಗಿಲೆದುರಿನ ಗೋಡೆಗೆ ನೇತುಹಾಕಿದ.

“ಯಾರು ಈಕೆ?” ಎಂದು ಅತ್ತೆ ಕೇಳಿದರು. ಸೀಲಣ್ಣನ ಅತ್ತೆ ಮಗಳ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದವರು. ಬಂದು ಆರು ವರ್ಷವಾಗಿತ್ತು.

“ನಾನು ಓದಿಸ್ತಿರೋ ಹುಡುಗಿ, ಅತ್ತೆ.”

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಹುಡುಗಿ ಅಂತೀರಿ, ನನ್ನ ಮಗಳ ವಾರಿಗೆಯವಳ ಹಾಗಿದಾಳಲ್ಲ. ಎಷ್ಟನೇ ಕ್ಲಾಸು?”

ಮೂರು ತಿಂಗಳಾದ ಮೇಲೆ ಪಾರ್ಸೆಲ್ ಬಂತು. ಒಳಗೆ ನಾಲ್ಕು ಮೊಳದ ಒಂದು ಬಟ್ಟೆ, ಜೊತೆಗೆ ಅವಳ ನೇಯ್ಗೆ ಶಾಲೆಯ ಹೆಡ್‌ಮಿಸ್ಟ್ರೆಸ್ಸರ ಪತ್ರ. ಪತ್ರಗಳನ್ನು ಸಂಸ್ಥೆಯವರೇ ನಮ್ಮ ಭಾಷೆಗೆ ತಿರುಗಿಸಿ ಕಳಿಸುತ್ತಿದ್ದರು, ಆದ್ದರಿಂದ ಭಾಷೆ ಬರಲಿಲ್ಲ ಎಂಬ ನೆಪ ಸೀಲಣ್ಣನಿಗೆ ಇಲ್ಲ. ಮೊದಲ ಸಾಲು: ‘ನಿಮ್ಮ ವಿದ್ಯಾರ್ಥಿನಿ ನೇಯ್ದ ಮೊದಲ ಬಟ್ಟೆಯನ್ನು ಸಂತೋಷದಿಂದ ಕಳಿಸುತ್ತಿದ್ದೇವೆ.’ ಕೊನೆಯ ಸಾಲು: ‘ಇದನ್ನು ಜೋಪಾನವಾಗಿ ಇಟ್ಟುಕೊಳ್ಳಿ.’ ಸೀಲಣ್ಣ ಅಭ್ಯಾಸಬಲದಿಂದ ಮನೆಯಲ್ಲೂ ಒಂದು ಸೀಲು ಇಟ್ಟುಕೊಂಡಿದ್ದ. ಅದನ್ನು ಹೊಡೆದು, ಪತ್ರವನ್ನು ಫೈಲಿಗೆ ಸೇರಿಸಿ, ಫೈಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಅವನು ಓದದಿದ್ದರೆ ಬೇಡ, ನಡುವೆ ಏನಿತ್ತೆಂದು ನಾವಾದರೂ ಓದೋಣ. ‘ಇದು ನಮ್ಮ ಶಾಲೆಯ ತಪ್ಪಿನ ಬಟ್ಟೆ. ಹೊಸಬರಿಗೆ ನಾವು ಮೊದಲು ಸರಿಯಾಗಿ ನೇಯಲು ಕಲಿಸುವುದಿಲ್ಲ. ಮಗ್ಗದ ಮೇಲೆ ಆಗಬಹುದಾದ ಎಲ್ಲ ತಪ್ಪುಗಳನ್ನೂ ಗೇಣಿಗೊಂದರಂತೆ ಬೇಕೆಂದೇ ನೇಯಿಸುತ್ತೇವೆ. ತಪ್ಪನ್ನು ಒಮ್ಮೆ ಕೈಯಾರೆ ಮಾಡಿದವರ ಕಣ್ಣು ಮುಂದೆ ಅದನ್ನು ದೂರದಿಂದಲೇ ಹಿಡಿಯುತ್ತದೆ. ಇದು ಉಡಲು ಹೊದೆಯಲು ಅಲ್ಲ. ವರ್ಷದ ಕೊನೆಗೆ ಆಕೆಯ ಕಡೆಯ ಬಟ್ಟೆ ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಆಕೆ ಎಷ್ಟು ದೂರ ಬಂದಿದ್ದಾಳೆ ಎಂಬುದು ನಿಮಗೇ ತಿಳಿಯುತ್ತದೆ.’

ಸೀಲಣ್ಣ ಆ ಬಟ್ಟೆಯನ್ನು ಹೆಗಲ ಮೇಲೆ ಹೊದ್ದು ಮಾರನೆಯ ದಿನ ಕಚೇರಿಗೆ ಹೋದ.

ಬಟ್ಟೆ ಹೇಗಿತ್ತೆಂದು ಹೇಳಬೇಕು. ಮೊದಲ ಗೇಣು ಸೊಳ್ಳೆಪರದೆಯಂತೆ ಜಾಳುಜಾಳು. ಎರಡನೆಯ ಗೇಣು ಕಾಲೊರೆಸುವ ಚಾಪೆಯಷ್ಟು ದಪ್ಪ. ಆಮೇಲೆ ಎರಡೂ ಅಂಚು ಒಳಗೆ ಎಳೆದುಕೊಂಡು ಬಟ್ಟೆಗೆ ಸೊಂಟ ಬಂದಿತ್ತು. ಅದರಾಚೆ ದಾರಗಳು ಕುಣಿಕೆ ಕುಣಿಕೆಯಾಗಿ ಮೇಲೆದ್ದಿದ್ದವು. ಕೊನೆಗೆ, ಎರಡು ಬೆರಳು ಸಲೀಸಾಗಿ ಹೋಗುವಂಥ ಒಂದು ತೂತು. ಆ ತೂತು ಸೀಲಣ್ಣನ ಎಡಭುಜದ ಮೇಲೆ ಸರಿಯಾಗಿ ಕೂತು, ಅದರೊಳಗಿಂದ ಅಂಗಿ ಇಣುಕುತ್ತಿತ್ತು.

“ಏನ್ರೀ ಇದು, ಇಲಿ ಕಡಿದಿದೆಯಾ?” ಎಂದರು ಮ್ಯಾನೇಜರು.

“ಫಾರಿನ್ ಸಾರ್. ಕೈಮಗ್ಗ. ನಮ್ಮ ಹುಡುಗಿಯ ಮೊದಲ ಕೃತಿ.”

ಮ್ಯಾನೇಜರು ಇಲಿಯನ್ನು ಅರ್ಧದಲ್ಲೇ ನುಂಗಿದರು. “ಅದೇ ಅಂದೆ. ನೋಡಿದ ಕೂಡಲೇ ಗೊತ್ತಾಗುತ್ತೆ, ಇಲ್ಲಿನದಲ್ಲ ಅಂತ.”

ಆ ಹೊತ್ತಿಗೆ ಸರಿಯಾಗಿ ಡ್ರಾಯಿಂಗ್ ಮೇಷ್ಟ್ರು ಒಳಗೆ ಬಂದರು. ಅವರು ಸೀಲಣ್ಣನ ಕೆಳಗಿನ ಮನೆಯವರು, ನಲ್ಲಿ ಸೋರುತ್ತಿದೆ ಎಂದು ವಾರಕ್ಕೊಂದು ಸಲ ಕಚೇರಿಗೆ ಬರುವ ಗಿರಾಕಿ. ಬಟ್ಟೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು, ತಲೆ ಓರೆಮಾಡಿದರು, ಒಂದು ಕಣ್ಣು ಮುಚ್ಚಿದರು. ನಲ್ಲಿಯ ಮಾತು ಅವರಿಗೆ ಮರೆತೇಹೋಯಿತು.

“ಈ ತೂತು ನೋಡಿದಿರಾ? ಇದು ತೂತಲ್ಲ. ನೇಯದೆ ಬಿಟ್ಟ ಜಾಗ” ಎಂದರು. “ನೇಯೋದು ಯಾರಿಗಾದ್ರೂ ಬರುತ್ತೆ ಸಾರ್. ನೇಯದೆ ಬಿಡೋದಕ್ಕೆ ಎದೆಗಾರಿಕೆ ಬೇಕು.”

ಕ್ಯಾಷಿಯರ್ ಎದ್ದು ಬಂದು ತೂತಿನೊಳಗೆ ಗೌರವದಿಂದ ಬೆರಳಿಟ್ಟು ನೋಡಿದ. ಅಂದಿನಿಂದ ಹೆಬ್ಬಾವಿನ ಹೆಸರನ್ನು ಯಾರೂ ಎತ್ತಲಿಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ಸೀಲಣ್ಣ ಸುಡುಬಿಸಿಲಿನಲ್ಲೂ ಶಾಲು ತೆಗೆಯಲಿಲ್ಲ. ಹಾಲು ತರಲು ಹೋದಾಗ ಶಾಲು, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಲೂ ಶಾಲು. ಮೇಷ್ಟ್ರು ತಮ್ಮ ಶಾಲೆಯ ಪತ್ರಿಕೆಯಲ್ಲಿ ಅದರ ಮೇಲೆ ಎರಡು ಪುಟದ ಲೇಖನ ಬರೆದರು. ಮ್ಯಾನೇಜರ ಹೆಂಡತಿ ತಮಗೂ ಅಂಥದೊಂದು ಬೇಕೆಂದು ಹಟ ಹಿಡಿದರು. ಹುಡುಗಿ ಇನ್ನೂ ಕಲಿಯುತ್ತಿದ್ದಾಳೆ, ಆರ್ಡರ್ ತೆಗೆದುಕೊಳ್ಳುವ ಹಾಗಿಲ್ಲ ಎಂದು ಸೀಲಣ್ಣ ಹೇಳಿದ್ದರಿಂದ ಕೆಲಸ ಬೀದಿ ಮೂಲೆಯ ಟೈಲರಿಗೆ ಬಂತು.

ಟೈಲರ್ ಶಾಲನ್ನು ಮೇಜಿನ ಮೇಲೆ ಹರವಿ, ಸತ್ತವರ ಮುಂದೆ ನಿಂತವನ ಹಾಗೆ ನಿಂತ. “ಸಾರ್, ಮೂವತ್ತು ವರ್ಷದಿಂದ ಅಂಚು ನೇರ ಹೊಲೀತಾ ಬಂದಿದೀನಿ. ಈಗ ಸೊಟ್ಟ ಹೊಲಿ ಅಂತೀರಲ್ಲ, ಕೈ ಬರಬೇಕಲ್ಲ ಸಾರ್.”

“ಅಭ್ಯಾಸ ಆಗುತ್ತೆ ಕಣಯ್ಯ” ಎಂದ ಸೀಲಣ್ಣ.

ಅಭ್ಯಾಸವಾಯಿತು. ಹೊಸ ಬಟ್ಟೆ ತೆಗೆದುಕೊಂಡು, ದಾರ ಎಳೆದು, ಅಂಚು ಮುದುಡಿಸಿ, ಕಣ್ಣು ಮುಚ್ಚಿಕೊಂಡು ಕತ್ತರಿಯಿಂದ ಒಂದು ತೂತು ಹೊಡೆದು ಕೊಟ್ಟ. ಏಳನೆಯ ಆರ್ಡರಿನ ಹೊತ್ತಿಗೆ ಅಂಗಡಿಯ ಮುಂದೆ ಬೋರ್ಡೂ ಬಂತು: ‘ಇಲ್ಲಿ ಫಾರಿನ್ ಶಾಲು ತಯಾರಿಸಲಾಗುವುದು. ತೂತು ಎಲ್ಲಿ ಬೇಕೆಂಬುದನ್ನು ಮೊದಲೇ ತಿಳಿಸತಕ್ಕದ್ದು.’ ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ಹಾಗೆ ಆ ಬೀದಿಯಲ್ಲಿ ನೆಟ್ಟಗಿನ ಬಟ್ಟೆ ಹೊದ್ದವರೇ ಬಡವರಂತೆ ಕಾಣತೊಡಗಿದರು.

ವರ್ಷ ಮುಗಿಯಿತು. ಎರಡನೆಯ ಪಾರ್ಸೆಲ್ ಬಂತು. ಅದರೊಳಗಿನ ಬಟ್ಟೆ ಕಡುನೀಲಿ, ಎರಡೂ ಬದಿಗೆ ಕೆಂಪು ಗೆರೆ. ಅಂಚಿಗೆ ಅಂಚು ಸೇರಿಸಿ ಮಡಿಸಿದರೆ ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಸೀಲಣ್ಣನ ಹೆಂಡತಿ ಕೈ ಒರೆಸಿಕೊಂಡು ಬಂದು ಅದನ್ನು ಮುಟ್ಟಿ ನೋಡಿದಳು.

“ಎಷ್ಟು ಚೆನ್ನಾಗಿದೆ ರೀ!”

“ಏನು ಚೆನ್ನಾಗಿದೆ? ಅಂಗಡಿಯಲ್ಲಿ ಸಿಗೋ ಹಾಗಿದೆ” ಎಂದ ಸೀಲಣ್ಣ ಸಪ್ಪೆ ಮುಖ ಮಾಡಿಕೊಂಡು. “ಒಂದು ತೂತಾದ್ರೂ ಇದೆಯಾ ನೋಡು.”

ಬಟ್ಟೆಯನ್ನು ಕಚೇರಿಗೆ ಒಯ್ದ. ಹತ್ತೊಂಬತ್ತು ಜನ ಸಿಬ್ಬಂದಿಯೂ ಅದನ್ನು ನೋಡಿ ಲೊಚಗುಟ್ಟಿದರು. ಮೇಷ್ಟ್ರಂತೂ ತಲೆಯ ಮೇಲೆ ಕೈಯಿಟ್ಟುಕೊಂಡರು. “ಪಾಪ, ಹಾಳುಮಾಡಿಬಿಟ್ರು. ಶಾಲೆಗೆ ಹಾಕಿದ್ರೆ ಹೀಗೇ. ನನ್ನನ್ನೂ ಹೀಗೇ ಹಾಳುಮಾಡಿದ್ದು.”

ಪಾರ್ಸೆಲಿನ ಜೊತೆ ಬಂದ ಪತ್ರದ ಮೊದಲ ಸಾಲು, ‘ನಿಮ್ಮ ವಿದ್ಯಾರ್ಥಿನಿಯ ಕಡೆಯ ಬಟ್ಟೆ ಇದು.’ ಕೊನೆಯ ಸಾಲು, ‘ಲಗತ್ತಿಸಿದ ವರದಿಯನ್ನು ತುಂಬಿ ಬೇಗ ಕಳಿಸಿ.’ ನಡುವಿನದನ್ನು ಮತ್ತೆ ನಾವೇ ಓದಬೇಕಾಗಿದೆ: ‘ತರಬೇತಿ ಮುಗಿಸಿದವರಿಗೆ ಶಾಲೆ ಸ್ವಂತ ಮಗ್ಗ ಕೊಡುತ್ತದೆ. ಕಲಿಸಲು ನೆರವಾದವರ ಮಾತಿಗೆ ಬೆಲೆ ಇರಬೇಕೆಂಬುದು ನಮ್ಮ ನಿಯಮ. ನಿಮ್ಮ ವರದಿ ಚೆನ್ನಾಗಿದ್ದರೆ ಮಗ್ಗ ಆಕೆಯದು.’

ಸೀಲಣ್ಣ ಕಚೇರಿಯ ಅತ್ಯುತ್ತಮ ಪೆನ್ನು ತೆಗೆದುಕೊಂಡು, ಅಕ್ಷರ ಸುಂದರವಾಗಿ ಬರುವಂತೆ ನಿಧಾನವಾಗಿ ಬರೆದ: ‘ಎರಡೂ ಬಟ್ಟೆಗಳನ್ನು ಪರಿಶೀಲಿಸಲಾಗಿದೆ. ಮೊದಲನೆಯದರಲ್ಲಿ ಕಂಡುಬಂದಿದ್ದ ಧೈರ್ಯವು ಎರಡನೆಯದರಲ್ಲಿ ಕಂಡುಬಂದಿರುವುದಿಲ್ಲ. ಕಲಿಕೆಯಲ್ಲಿ ಹಿನ್ನಡೆಯಾಗಿರುವುದು ವಿಷಾದನೀಯ. ಮೊದಲಿನಂತೆಯೇ ನೇಯಲು ಸೂಕ್ತ ಕ್ರಮ ಕೈಗೊಳ್ಳುವುದು.’ ಕೆಳಗೆ ಸಹಿ, ಪಕ್ಕದಲ್ಲಿ ಸೀಲು. ಒಬ್ಬ ಬಡ ಹೆಂಗಸಿನ ಬಾಳಿಗೆ ಮಣ್ಣು ಹಾಕುವ ಕೆಲಸವನ್ನು ಇಷ್ಟು ಶುದ್ಧ ಭಾಷೆಯಲ್ಲಿ ಮಾಡಿದವರು ಕಡಿಮೆ.

ಉತ್ತರ ಬಂದದ್ದು ಒಂದು ಸಂಜೆ, ಸೀಲಣ್ಣ ಇನ್ನೂ ಕಚೇರಿಯಲ್ಲಿದ್ದಾಗ. ಹೆಂಡತಿ ಸಹಿ ಹಾಕಿ ತೆಗೆದುಕೊಂಡಳು. ಸಾಮಾನು ಕಟ್ಟಿದ ಹಳೆಯ ಪೇಪರಿನ ಚೂರನ್ನೂ ಬಿಡದೆ ಓದುವವಳು ಅವಳು. ಲಕೋಟೆ ಒಡೆದು ಪತ್ರ ಓದಿದಳು. ಗಂಡ ಬರುವ ಹೊತ್ತಿಗೆ ಅದನ್ನು ಇನ್ನೊಮ್ಮೆ ಓದಿ ಮುಗಿಸಿದ್ದಳು.

“ಪತ್ರ ಬಂದಿದೆ” ಎಂದಳು.

“ಮೊದಲ ಸಾಲು ಏನು?”

“ಕೂತ್ಕೊಳ್ಳಿ.”

“ಕೊನೇ ಸಾಲು ಹೇಳಿಬಿಡೇ, ಮುಖ ತೊಳ್ಕೊಂಡು ಬರ್ತೀನಿ.”

“ಕೂತ್ಕೊಳ್ಳಿ ಅಂದೆ. ಪೂರ್ತಿ ಓದ್ತೀನಿ.” ಆ ದನಿ ಕೇಳಿ ಸೀಲಣ್ಣ ಚಪ್ಪಲಿ ಸಮೇತ ಕೂತ. ಒಳಗಿನಿಂದ ಅತ್ತೆಯೂ ಬಂದು ಕೂತರು.

ಹೆಂಡತಿ ಓದಿದಳು. “‘ಮಾನ್ಯರೇ, ತಮ್ಮ ವರದಿಯನ್ನು ನಾಲ್ಕು ಸಲ ಓದಿದೆವು. ನೀವು ಮೆಚ್ಚಿಕೊಂಡ ಮೊದಲ ಬಟ್ಟೆ ಬೇಕೆಂದೇ ತಪ್ಪಾಗಿ ನೇಯಿಸಿದ್ದು ಎಂದು ಅಂದೇ ಬರೆದಿದ್ದೆವು. ಆದರೂ ನಿಯಮ ನಿಯಮವೇ. ನಮ್ಮ ಸಮಿತಿಯವರು ಕಾಗದದಲ್ಲಿ ಏನಿದೆಯೋ ಅದನ್ನಷ್ಟೇ ನೋಡುವವರು. ತಾವೂ ಕಚೇರಿಯಲ್ಲಿರುವವರು, ಅರ್ಥಮಾಡಿಕೊಳ್ಳುತ್ತೀರಿ. ಮಗ್ಗವನ್ನು ತಡೆಹಿಡಿದಿದ್ದಾರೆ. ಆಕೆ ಇಲ್ಲಿಗೆ ಬರುವ ಮುಂಚೆ ಹೋಟೆಲೊಂದರ ಹಿತ್ತಿಲಲ್ಲಿ ಪಾತ್ರೆ ತಿಕ್ಕಿಕೊಂಡು, ಹನ್ನೆರಡು ವರ್ಷದ ಮಗಳನ್ನೂ ಅಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಈಗ ಹತ್ತು ದಿನದಿಂದ, ನೀವು ಬರೆದ ಹಾಗೆ, ಮತ್ತೆ ತಪ್ಪುಗಳನ್ನು ನೇಯುತ್ತಿದ್ದಾಳೆ. ಕೈಗೆ ಸರಿ ಕೂತ ಮೇಲೆ ತಪ್ಪು ನೇಯುವುದು ಬಹಳ ಕಷ್ಟ. ಬೆರಳು ತಾನಾಗಿಯೇ ಸರಿಮಾಡಿಬಿಡುತ್ತದೆ. ಆಗ ಆಕೆ ಬಿಚ್ಚಿ, ಮತ್ತೆ ತಪ್ಪಾಗಿ ನೇಯುತ್ತಾಳೆ. ನಿನ್ನೆ ನನ್ನನ್ನು ಕೇಳಿದಳು: ಅಷ್ಟು ತಪ್ಪುಗಳಲ್ಲಿ ಅಣ್ಣನಿಗೆ ಯಾವ ತಪ್ಪು ಹೆಚ್ಚು ಇಷ್ಟವಾಯಿತಂತೆ? ಗೊತ್ತಾದರೆ ಅದನ್ನೇ ನೇಯುತ್ತೇನೆ ಎಂದು.’”

ಹೆಂಡತಿಗೆ ಮುಂದೆ ಓದಲಾಗಲಿಲ್ಲ. ಉಳಿದದ್ದನ್ನು ಸೀಲಣ್ಣನೇ ಓದಿದ, ಒಂದು ಸಾಲೂ ಬಿಡದೆ. ವರದಿ ಬದಲಿಸುವುದಾದರೆ ಹೊಸ ನಮೂನೆ ಇಟ್ಟಿದ್ದರು. ಬದಲಿಸಲು ಕಾರಣ ಬರೆಯಬೇಕು. ಎರಡೂ ಬಟ್ಟೆ ನೋಡಿದ, ನೆಂಟರಲ್ಲದ ಇಬ್ಬರು ಸಹಿ ಹಾಕಬೇಕು. ಬರುವ ತಿಂಗಳ ಹತ್ತನೆಯ ತಾರೀಖಿನೊಳಗೆ ಅದು ಶಾಲೆ ಸೇರಬೇಕು. ಇಲ್ಲವಾದರೆ ಮಗ್ಗ ಪಟ್ಟಿಯ ಮುಂದಿನವಳಿಗೆ, ಈಕೆ ಹೋಟೆಲಿನ ಹಿತ್ತಿಲಿಗೆ.

“ಅಲ್ಲಪ್ಪ,” ಎಂದರು ಅತ್ತೆ, “ಕೊಡೋದಕ್ಕೆ ಹೋದವರು ಕಿತ್ಕೊಂಡು ಬಂದ ಹಾಗಾಯ್ತಲ್ಲ.”

ಸೀಲಣ್ಣನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ಗೋಡೆಯ ಮೇಲಿನ ಫೋಟೋ ಕಡೆ ಅವನು ತಲೆಯೆತ್ತಿ ನೋಡಲಿಲ್ಲ. ಟಪಾಲು ಅಲ್ಲಿಗೆ ಮುಟ್ಟಲು ಎಷ್ಟು ದಿನ ಬೇಕೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲೆಕ್ಕ ಹಾಕಿದರೆ ಕೈಯಲ್ಲಿ ಉಳಿದದ್ದು ಮೂರೇ ದಿನ.

ಮೊದಲ ಸಹಿ ಸುಲಭವಾಗಿ ಸಿಕ್ಕಿತು. ಟೈಲರ್ ಪತ್ರ ಕೇಳಿ, ನೀಲಿ ಬಟ್ಟೆಯ ಅಂಚನ್ನು ಮುಟ್ಟಿ ನೋಡಿದವನೇ ಎರಡೂ ಕೈ ಮುಗಿದ. “ನನಗೆ ಗೊತ್ತಿತ್ತು ಸಾರ್, ಇದು ತಪ್ಪು ಅಂತ ನನ್ನ ಕತ್ತರಿಗೂ ಗೊತ್ತಿತ್ತು. ಆದ್ರೆ ಓದಿದವರೆಲ್ಲ ಒಂದೇ ಮಾತು ಹೇಳ್ತಿದ್ರಲ್ಲ, ನನಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ.” ಸಹಿ ಹಾಕಿ, ಅಲ್ಲೇ ಸ್ಟೂಲು ಹತ್ತಿ ಬೋರ್ಡು ಕೆಳಗಿಳಿಸಿದ. ಆ ದಿನ ಬಹಳ ಹೊತ್ತು ಅವನು ಒಂದು ದಿಂಬಿನ ಚೀಲಕ್ಕೆ ನೇರವಾದ ಅಂಚು ಹೊಲಿಯುತ್ತ ಸುಖವಾಗಿ ಕೂತಿದ್ದ.

ಎರಡನೆಯ ಸಹಿಗೆ ಸೀಲಣ್ಣ ಮೇಷ್ಟ್ರ ಬಾಗಿಲು ತಟ್ಟಿದ. ಮೇಷ್ಟ್ರು ಪತ್ರ ಓದಿ ಬೆವರೊರೆಸಿಕೊಂಡರು.

“ತಪ್ಪು ಅಂತ ಅವರು ಅಂದ್ಕೊಂಡಿರಬಹುದು. ನೇಯ್ದವರಿಗೇ ಅದರ ಅರ್ಥ ಗೊತ್ತಿರಬೇಕು ಅಂತೇನಿಲ್ಲ.”

“ಮೇಷ್ಟ್ರೇ, ಸಹಿ ಹಾಕ್ತೀರೋ ಇಲ್ವೋ?”

“ಎರಡು ಪುಟ ಬರೆದಿದೀನಿ ಕಣ್ರೀ! ಮಕ್ಕಳು ಪರೀಕ್ಷೆಯಲ್ಲೂ ತೂತು ಬಿಟ್ಟು ಚಿತ್ರ ಬರೆದಿದಾರೆ, ನಾನು ಮಾರ್ಕ್ಸೂ ಕೊಟ್ಟಿದೀನಿ. ಈಗ ಹೇಗೆ ಹಾಕಲಿ?” ಎಂದು ಬಾಗಿಲು ಮುಚ್ಚಿಕೊಂಡರು.

ಕಚೇರಿಯಲ್ಲಿ ಕ್ಯಾಷಿಯರ್ ಮ್ಯಾನೇಜರ ಕಡೆ ಕೈ ತೋರಿಸಿದ. ಉಳಿದವರು ಕ್ಯಾಷಿಯರ್ ಕಡೆ ಕೈ ತೋರಿಸಿದರು. ಮ್ಯಾನೇಜರ ಹೆಂಡತಿ ಹೊದ್ದ ಶಾಲನ್ನು ತಪ್ಪು ಎನ್ನುವ ಧೈರ್ಯ ಯಾರಿಗಿದೆ?

ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಸೀಲಣ್ಣನಿಗೆ ಒಂದು ಕೆಟ್ಟ ಉಪಾಯ ಹೊಳೆಯಿತು. ಮ್ಯಾನೇಜರು ಮಧ್ಯಾಹ್ನ ಊಟವಾದ ಮೇಲೆ ಅರ್ಧ ಕಣ್ಣು ಮುಚ್ಚಿಕೊಂಡು ಸಹಿಗೆ ಬಂದ ಕಾಗದಗಳಿಗೆಲ್ಲ ಸಾಲಾಗಿ ಸಹಿ ಹಾಕುತ್ತಿದ್ದರು. ಓದುವ ಅಭ್ಯಾಸ ಅವರಿಗೂ ಇರಲಿಲ್ಲ. ಮೊದಲ ಸಾಲೂ ಇಲ್ಲ, ಕೊನೆಯ ಸಾಲೂ ಇಲ್ಲ. ಸೀಲಣ್ಣ ನಮೂನೆಯನ್ನು ಪೈಪು ರಿಪೇರಿಯ ಹನ್ನೆರಡು ಕಾಗದಗಳ ನಡುವೆ ಸೇರಿಸಿ, ಮೇಜಿನ ಮೇಲಿಟ್ಟ.

ಒಂದು ಸಹಿ, ಎರಡು ಸಹಿ, ಆರು ಸಹಿ. ಏಳನೆಯ ಕಾಗದಕ್ಕೆ ಕೈ ನಿಂತಿತು. ಕಾಗದ ದಪ್ಪಗೆ, ನುಣ್ಣಗೆ ಇತ್ತು. ಮೃಗಾಲಯದಿಂದ ಬಂದ ಅಭಿನಂದನೆ ಇರಬೇಕೆಂದುಕೊಂಡ ಮ್ಯಾನೇಜರು ಕಣ್ಣು ಪೂರ್ತಿ ತೆರೆದರು. ಸೇವೆಗೆ ಸೇರಿದಂದಿನಿಂದ ಮೊದಲ ಸಲ ಒಂದು ಕಾಗದವನ್ನು ಮೇಲಿಂದ ಕೆಳಗಿನವರೆಗೆ ಓದಿದರು.

“ಏನ್ರೀ ಇದು?”

ಸೀಲಣ್ಣ ಎಲ್ಲವನ್ನೂ ಹೇಳಿದ. ಮ್ಯಾನೇಜರ ಮುಖ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರಂತಾಯಿತು.

“ನನ್ನ ಹೆಂಡತಿ ಆ ಶಾಲು ಹೊದ್ಕೊಂಡು ಚೀಫ್ ಇಂಜಿನಿಯರ್ ಮನೆಗೆ ಹೋಗಿ ಬಂದಿದಾಳೆ ಕಣ್ರೀ. ಅದನ್ನು ನೋಡಿ ಅವರ ಹೆಂಡತಿಯೂ ಒಂದು ಮಾಡಿಸ್ಕೊಂಡ್ರು. ಈಗ ತಪ್ಪು ಅಂತ ನಾನು ಬರೆದುಕೊಟ್ರೆ ಅದು ನನ್ನೊಬ್ಬನ ತಪ್ಪಾಗಲ್ಲ, ಇಲಾಖೆಯ ತಪ್ಪಾಗುತ್ತೆ. ಎತ್ಕೊಳ್ಳಿ ಕಾಗದ.”

ಸೀಲಣ್ಣ ಎತ್ತಿಕೊಳ್ಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮ್ಯಾನೇಜರೆಂಬ ಕುರ್ಚಿಯ ಮುಂದೆ ಅವನು ‘ಆಗಲಿ ಸಾರ್’ ಬಿಟ್ಟು ಬೇರೆ ಮಾತಾಡಿದವನಲ್ಲ.

“ಸಾರ್, ಮೊದಲ ತಪ್ಪು ನನ್ನದು. ಬೈಯೋದಾದ್ರೆ ನನ್ನನ್ನು ಬೈಯಿರಿ. ಆದ್ರೆ ನಮ್ಮ ಮರ್ಯಾದೆ ಉಳೀಲಿ ಅಂತ ಅಲ್ಲೊಬ್ಬಳು ಹೆಂಗಸು ಬೆಳಿಗ್ಗೆಯಿಂದ ಸಂಜೆವರೆಗೂ ಕೂತು ತೂತು ನೇಯ್ತಿದಾಳೆ ಸಾರ್. ಸರಿಯಾಗಿ ಬಂದದ್ದನ್ನು ಬಿಚ್ಚಿ ಬಿಚ್ಚಿ ತಪ್ಪು ಮಾಡ್ತಿದಾಳೆ. ನಮಗೆ ಯಾವ ತಪ್ಪು ಇಷ್ಟ ಅಂತ ಕೇಳಿದಾಳೆ. ಏನಂತ ಬರೀಲಿ?”

ಕಚೇರಿಯಲ್ಲಿ ಟೈಪು ಮಾಡುವವರು ಕೈ ನಿಲ್ಲಿಸಿದರು. ಮ್ಯಾನೇಜರು ಕಾಗದವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು.

“ಮಗಳಿಗೆ ಹನ್ನೆರಡು ಅಂದ್ರಲ್ಲ?”

“ಹೌದು ಸಾರ್.”

ಮ್ಯಾನೇಜರು ಸಹಿ ಹಾಕಿದರು. ಹಾಕಿದ ಮೇಲೆ, ಎಷ್ಟಾದರೂ ಮ್ಯಾನೇಜರಲ್ಲವೇ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ ಸೇರಿಸಿದರು: ‘ಸದರಿ ತಪ್ಪು ಮೊದಲ ದಿನವೇ ನನ್ನ ಗಮನಕ್ಕೆ ಬಂದಿತ್ತು.’

ಅದನ್ನು ನೋಡಿದ್ದೇ ತಡ, ಕ್ಯಾಷಿಯರ್ ಓಡಿಬಂದ. ಸಾಹೇಬರಿಗೆ ಮೊದಲ ದಿನವೇ ಗೊತ್ತಿದ್ದರೆ ತೂತಿಗೆ ಬೆರಳಿಟ್ಟು ಪರೀಕ್ಷಿಸಿದ ತನಗೆ ಗೊತ್ತಿರಲಿಲ್ಲ ಎಂದಾಗುವುದು ಹೇಗೆ? ಅವನೂ ಸಹಿ ಹಾಕಿ, ಬೆರಳಿನ ವಿಚಾರ ನಮೂದಿಸಿದ. ಅಲ್ಲಿಂದ ಸಾಲು ಹತ್ತಿತು. ಗೊತ್ತಿಲ್ಲದೆ ಹೊಗಳಿದವರು ಆ ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ ಎಂಬುದು ದಾಖಲೆಯಿಂದ ಸಾಬೀತಾಯಿತು. ನಮೂನೆಯಲ್ಲಿ ಜಾಗ ಸಾಲದೆ ಬೇರೆ ಹಾಳೆ ಲಗತ್ತಿಸಬೇಕಾಯಿತು. ಅಂಚೆಪೆಟ್ಟಿಗೆ ತೆರೆಯಲು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಮೇಷ್ಟ್ರು ಏದುಸಿರು ಬಿಡುತ್ತ ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, “ನನ್ನ ಲೇಖನದಲ್ಲಿ ಇದನ್ನು ಸೂಚ್ಯವಾಗಿ ಹೇಳಿದೀನಿ” ಎನ್ನುತ್ತ ಅರ್ಧ ಪುಟ ಬರೆದರು.

‘ವರದಿ ಬದಲಿಸಲು ಕಾರಣ’ ಎಂಬ ಜಾಗ ಮಾತ್ರ ಖಾಲಿ ಇತ್ತು. ಸೀಲಣ್ಣ ಅಲ್ಲಿ ಬರೆದ: ‘ನಾನು ಪತ್ರವನ್ನು ಪೂರ್ತಿ ಓದಿರಲಿಲ್ಲ.’ ಅಷ್ಟು ಸಹಿಗಳಿದ್ದ ಆ ಕಾಗದದಲ್ಲಿ ಕಡಿಮೆ ಮಾತಿನಲ್ಲಿ ನಿಜ ಹೇಳಿದ ಸಾಲು ಅದೊಂದೇ.

ಹತ್ತನೆಯ ತಾರೀಖು ಬಂತು, ಹೋಯಿತು. ಹದಿನೈದು ಕಳೆಯಿತು. ಸೀಲಣ್ಣ ಸರಿಯಾಗಿ ಊಟ ಮಾಡಲಿಲ್ಲ. ನಲ್ಲಿಯ ಬಗ್ಗೆ ಬಂದ ದೂರುಗಳನ್ನು ಪೂರ್ತಿ ಓದತೊಡಗಿದ್ದರಿಂದ ಸಂಜೆ ಮನೆಗೆ ಬರುವುದೂ ತಡವಾಗುತ್ತಿತ್ತು. ಜನ ಇಷ್ಟೊಂದು ಕಷ್ಟದಲ್ಲಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ.

ಇಪ್ಪತ್ತನೆಯ ತಾರೀಖು ಸೀಲಣ್ಣ ರಜೆ ಹಾಕಿ ಮನೆಯಲ್ಲಿದ್ದ. ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕಿದ ಹೊತ್ತಿಗೆ ಪೋಸ್ಟ್‌ಮ್ಯಾನ್ ಬಂದ. ಈ ಸಲದ ಪತ್ರ ಶಾಲೆಯದಲ್ಲ, ಅವಳದೇ. ಅವಳು ಹೇಳಿದ್ದನ್ನು ಯಾರೋ ಬರೆದುಕೊಂಡಿದ್ದರು. ಸೀಲಣ್ಣ ತಟ್ಟೆಯ ಮುಂದೆ ಕೂತು ಗಟ್ಟಿಯಾಗಿ ಓದಿದ.

‘ಅಣ್ಣಾ, ಮಗ್ಗ ಬಂತು. ಬಾಡಿಗೆಯ ಕೋಣೆಯಲ್ಲಿ ಕಿಟಕಿಗೆ ಹತ್ತಿರ ಹಾಕಿದ್ದೇವೆ. ಮಲಗಲು ಜಾಗ ಕಡಿಮೆಯಾಯಿತು, ಮಗಳು ಮಗ್ಗದ ಕೆಳಗೆ ಮಲಗುತ್ತಾಳೆ, ಅದೇ ಬೇಕಂತೆ. ಅಷ್ಟೊಂದು ಜನ ದೊಡ್ಡವರು ನನ್ನ ಬಟ್ಟೆಯ ಬಗ್ಗೆ ಬರೆದದ್ದನ್ನು ಗುರುಗಳು ಓದಿ ಹೇಳಿದರು. ನಿಮ್ಮ ಮೊದಲ ಕಾಗದ ಬಂದ ದಿನ ಇಲ್ಲಿ ಎಲ್ಲರೂ ಅತ್ತರು, ನಾನು ಅಳಲಿಲ್ಲ. ಯಾಕೆಂದರೆ ನಾನು ಸರಿಯಾಗಿ ಮಾಡಿದ ಕೆಲಸವನ್ನೂ ಇಷ್ಟು ವರ್ಷದಲ್ಲಿ ಯಾರೂ ಚೆನ್ನಾಗಿದೆ ಎಂದಿರಲಿಲ್ಲ. ನೀವು ನನ್ನ ತಪ್ಪನ್ನೇ ಹೆಗಲ ಮೇಲೆ ಹಾಕಿಕೊಂಡು ಊರೆಲ್ಲ ತೋರಿಸಿದಿರಂತೆ. ಇನ್ನು ನನ್ನ ಸರಿಯನ್ನೂ ಒಂದು ಸಲ ಹೊದ್ದು ನೋಡಿ.’

ಸೀಲಣ್ಣ ಕಣ್ಣೊರೆಸಿಕೊಂಡ. ಎದ್ದು ಹೋಗಿ ಬೀರುವಿನಿಂದ ಆ ನೀಲಿ ಬಟ್ಟೆ ತೆಗೆದು ಹೊದ್ದುಕೊಂಡು ಬಂದು, ಮತ್ತೆ ತಟ್ಟೆಯ ಮುಂದೆ ಕೂತ. ಅತ್ತೆ “ಪುಣ್ಯಾತ್ಗಿತ್ತಿ” ಎಂದು ಮೂಗೊರೆಸಿಕೊಂಡರು. ಹೆಂಡತಿ ಮಾತ್ರ ಅಡುಗೆಯ ಪಾತ್ರೆ ಹಿಡಿದು ನಿಂತವಳು ನಿಂತೇ ಇದ್ದಳು.

“ಅಲ್ರೀ,” ಎಂದಳು, “ಸಮುದ್ರದಾಚೆ ಇರೋ ಅವಳ ತಪ್ಪನ್ನು ಒಂದು ವರ್ಷ ಹೊಗಳಿದ್ರಿ. ನಾನು ಇಪ್ಪತ್ತೆರಡು ವರ್ಷದಿಂದ ದಿನಾ ಎರಡು ಹೊತ್ತು ಸರಿಯಾಗಿ ಮಾಡಿ ಹಾಕ್ತಿದೀನಿ. ಒಂದು ದಿನ, ಒಂದೇ ಒಂದು ದಿನ, ಚೆನ್ನಾಗಿದೆ ಅಂದಿದೀರಾ?”

ಸೀಲಣ್ಣನಿಗೆ ಎದೆಗೇ ನಾಟಿತು. ಅವನು ತಕ್ಷಣ ನೆಟ್ಟಗೆ ಕೂತು, ಮನಃಪೂರ್ವಕವಾಗಿ, ಮನೆಯೆಲ್ಲ ಕೇಳುವ ಹಾಗೆ ಹೇಳಿದ:

“ತುಂಬಾ ಚೆನ್ನಾಗಿದೆ ಕಣೇ!”

“ಇನ್ನೂ ಬಡಿಸೇ ಇಲ್ಲ” ಎಂದಳು ಹೆಂಡತಿ.